ತಂಬಿಗೆಯಿಂದ ಶುರುವಾಗಲಿ ಪಾಠ

ಪಿಯುಸಿ ಮುಗಿಸಿದ ಮಗಳು "ನಾನು ಡಿಸೈನ್ ಓದುತ್ತೇನೆ" ಎಂದರೆ ನೀವೇನು ಹೇಳುತ್ತೀರಿ? "ಬಟ್ಟೆ ಹೊಲಿಯಲು ಕಾಲೇಜು ಬೇಕೇ?" ಎಂದು ನಕ್ಕುಬಿಡುವವರೇ ಹೆಚ್ಚು. ವಿನ್ಯಾಸವೆಂದರೆ ಅಲಂಕಾರವೆಂಬ ತಪ್ಪು ತಿಳಿವಳಿಕೆ ಮನೆಗಳಲ್ಲಿ ಮಾತ್ರವಲ್ಲ, ಕೆಲವು ಕಾಲೇಜುಗಳಲ್ಲೂ ಇದೆ.

ಹಿರಿಯೂರಿನ ನಮ್ಮ ಬಂಧುಗಳ ಮಗಳೊಬ್ಬಳು ಹಟ ಹಿಡಿದು ಅಂಥ ಒಂದು ಕಾಲೇಜು ಸೇರಿದಳು. ಚಿತ್ರದುರ್ಗ ಜಿಲ್ಲೆಯ ಹಲವೆಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಾಗಾಗಿ ಅವರ ಮನೆಗೂ 20 ಲೀಟರಿನ ಕ್ಯಾನ್ ಬರುತ್ತದೆ. ತುಂಬಿದ ಕ್ಯಾನ್ ಎಂದರೆ 20 ಕಿಲೋ ಭಾರ. ಮಂಡಿ, ಮಣಿಕಟ್ಟು ಹಿಡಿದುಕೊಂಡಿದ್ದ ಅವಳ ನಾನಿಗೆ ಒಂದು ಲೋಟ ನೀರು ಬಗ್ಗಿಸಿಕೊಳ್ಳಲೂ ಇನ್ನೊಬ್ಬರನ್ನು ಕರೆಯಬೇಕಿತ್ತು. ರಜೆಗೆ ಬಂದ ಹುಡುಗಿ ಬಡಗಿಯ ಪಕ್ಕ ಕುಳಿತು, ಬೆರಳಲ್ಲಿ ಒತ್ತಿದರೆ ಕ್ಯಾನ್ ಬಾಗುವಂಥ ಸ್ಟ್ಯಾಂಡ್ ಮಾಡಿಸಿದಳು. ಮೊದಲನೆಯದು ಮಗುಚಿಬಿತ್ತು. ಎರಡನೆಯದು ನಿಂತಿತು. ಅದನ್ನೇ ಕಾಲೇಜಿಗೆ ಒಪ್ಪಿಸಿದಾಗ, ಕಂಪ್ಯೂಟರಿನ ಚಿತ್ರ ಅಂದವಾಗಿಲ್ಲವೆಂದು ಅಂಕ ಕಡಿತ! ನಾನಿಗೆ ಅನುಕೂಲವಾಯಿತೇ ಎಂದು ಯಾರೂ ಕೇಳಲಿಲ್ಲ.

ಭಾರತ ಸರಕಾರದ ಆಹ್ವಾನದ ಮೇಲೆ ಬಂದ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಒಂದು ವರದಿ ಕೊಟ್ಟರು. ಅವರು ಮನಸಾರೆ ಮೆಚ್ಚಿದ್ದು ಅರಮನೆಗಳನ್ನಲ್ಲ, ನಾವು ವುಝೂ ಮಾಡುವ ಲೋಟಾ, ಅಂದರೆ ತಂಬಿಗೆಯನ್ನು. ಎಷ್ಟು ನೀರು ಹಿಡಿಯಬೇಕು, ಹೊರುವುದು ತಲೆಯ ಮೇಲೋ ಸೊಂಟದಲ್ಲೋ, ತುಂಬಿದಾಗ ತೂಕ ಹೇಗೆ ನಿಲ್ಲುತ್ತದೆ, ನೀರು ಹೇಗೆ ಸುರಿಯುತ್ತದೆ? ಇಂಥ ಪ್ರಶ್ನೆಗಳೇ ವಿನ್ಯಾಸದ ಪಾಠವೆಂದರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ನಮ್ಮ ದುರ್ಗದ ಕೋಟೆಯನ್ನೇ ನೋಡಿ. ಬಂಡೆಯ ಮೇಲೆ ಬಿದ್ದ ಮಳೆ ಒಂದು ಹೊಂಡ ತುಂಬಿ, ಹೆಚ್ಚಾದದ್ದು ಕೆಳಗಿನ ಹೊಂಡಕ್ಕೆ ಇಳಿಯುತ್ತದೆ. ಅದನ್ನು ಕಟ್ಟಿದವರು ನೀರಿನ ದಾರಿಯನ್ನು ಕಣ್ಣಿಟ್ಟು ನೋಡಿದವರು.

ಆದ್ದರಿಂದ ಮೊದಲ ವರ್ಷದ ವಿದ್ಯಾರ್ಥಿಗಳು ಕಂಪ್ಯೂಟರಿಗೆ ಮುನ್ನ ಮೊಳಕಾಲ್ಮುರಿನ ಮಗ್ಗದ ಮುಂದೆ, ಹೊಸದುರ್ಗ, ಹೊಳಲ್ಕೆರೆಗಳ ಅಡಿಗೆಮನೆಗಳಲ್ಲಿ ಕುಳಿತು ನೋಡಲಿ. ಮಾಡಿದ ವಸ್ತುವಿಗೆ ಅಂಕ ಕೊಡುವಾಗ ಅದನ್ನು ಬಳಸುವವರ ಮಾತೂ ಸೇರಲಿ. ನೇಕಾರ, ಬಡಗಿ, ಕುಂಬಾರರು ತರಗತಿಗೆ ಪ್ರದರ್ಶನದ ಗೊಂಬೆಗಳಾಗಿ ಅಲ್ಲ, ಗುರುಗಳಾಗಿ ಬರಲಿ.

ಮತ್ತೆ ನಾವು? ಕಾಲೇಜು ಆರಿಸುವಾಗ ಕಟ್ಟಡದ ಅಂದ ನೋಡದೆ, "ಮಕ್ಕಳನ್ನು ಜನರ ಬಳಿಗೆ ಕಳಿಸುತ್ತೀರಾ?" ಎಂದು ಕೇಳೋಣ. ಆ ಹುಡುಗಿಯ ಅಂಕಪಟ್ಟಿ ಬೀರುವಿನಲ್ಲಿದೆ. ಸ್ಟ್ಯಾಂಡ್ ಅಡಿಗೆಮನೆಯಲ್ಲಿದೆ. ನಾನಿ ಈಗ ನೀರಿಗಾಗಿ ಯಾರನ್ನೂ ಕರೆಯುವುದಿಲ್ಲ.