ಮುಚ್ಚಿಟ್ಟಿದ್ದು ಮತ್ತು ಮಾರಿದ್ದು

ಗಡಿಯಾಚೆ, ವಯನಾಡಿನ ಬೇಗೂರು ಅರಣ್ಯ ವಲಯದ ಸುತ್ತಲ ಊರುಗಳಲ್ಲಿ ಬೆಳಗ್ಗೆ ಎದ್ದವರಿಗೆ ಮೊದಲು ಬೇಕಾದ ಸುದ್ದಿ ಆನೆಯದು. ರಾತ್ರಿ ಎಲ್ಲಿತ್ತು, ಈಗ ಯಾವ ಕಡೆ ಹೊರಟಿದೆ? ಹಾಲು ಹಾಕಲು ಹೋಗುವವರು, ಮಕ್ಕಳನ್ನು ಶಾಲೆಗೆ ಕಳಿಸುವವರು ಅದನ್ನು ತಿಳಿದೇ ಹೊರಗೆ ಕಾಲಿಡಬೇಕು.

2024ರ ಫೆಬ್ರವರಿ 10ರ ಬೆಳಗ್ಗೆ ಮಾನಂದವಾಡಿ ಬಳಿಯ ಪಡಮಲದಲ್ಲಿ ಆನೆಗೆ ಹೆದರಿ ಓಡಿದ ಒಬ್ಬರು ಮನೆಯೊಂದರ ಅಂಗಳಕ್ಕೆ ಹಾರಿದರು. ಆನೆ ಗೇಟು ಮುರಿದು ನುಗ್ಗಿ ಅವರನ್ನು ಕೊಂದಿತು. ಅದು ನಮ್ಮ ಬೇಲೂರು ಭಾಗದಲ್ಲಿ 2023ರ ನವೆಂಬರಿನಲ್ಲಿ ಹಿಡಿದು, ರೇಡಿಯೊ ಕಾಲರ್ ತೊಡಿಸಿ ಕಾಡಿಗೆ ಬಿಟ್ಟಿದ್ದ ಮಖ್ನಾ, ಅಂದರೆ ದಂತವಿಲ್ಲದ ಗಂಡಾನೆ. ಸಿಸಿಟಿವಿಯಲ್ಲಿ ದಾಖಲಾದ ಆ ದೃಶ್ಯ ಟಿವಿಗಳಿಂದ ಹಿಡಿದು ಮೊಬೈಲ್‌ಗಳವರೆಗೆ ಹರಿದಾಡಿತು.

ಡ್ಯಾನ್ ಗಿಲ್‌ರಾಯ್ ಬರೆದು ನಿರ್ದೇಶಿಸಿದ 2014ರ 'ನೈಟ್‌ಕ್ರಾಲರ್' ಚಿತ್ರ ನನಗೆ ನೆನಪಾಗುವುದು ಇಲ್ಲೇ. ಲಾಸ್ ಏಂಜಲಿಸ್‌ನ ಲೂ ಬ್ಲೂಮ್ ರಾತ್ರಿಯಿಡೀ ಪೊಲೀಸ್ ರೇಡಿಯೊ ಆಲಿಸಿ, ಅಪಘಾತ, ಕೊಲೆಗಳ ಜಾಗಕ್ಕೆ ಧಾವಿಸಿ, ಚಿತ್ರಿಸಿದ್ದನ್ನು ಚಾನೆಲ್ಲಿಗೆ ಮಾರುತ್ತಾನೆ. ಒಳ್ಳೆಯ ಶಾಟ್‌ಗಾಗಿ ಹೆಣವನ್ನೇ ಎಳೆದು ಜಾಗ ಬದಲಿಸುತ್ತಾನೆ. ಅವನ ಮಹತ್ವಾಕಾಂಕ್ಷೆಯನ್ನೇ ದೂರುವವರಿದ್ದಾರೆ. ಆದರೆ ಮೊದಲು ತಲುಪಬೇಕೆಂಬ ಹಟವಿಲ್ಲದೆ ವರದಿಗಾರನೇ ಇಲ್ಲ. ಅವನ ನಿಜವಾದ ಪಾಪ ಬೇರೆ. ಒಂದು ಮನೆಯಲ್ಲಿ ಕೊಲೆ ನಡೆದಾಗ ಹಂತಕರ ಮುಖವೂ ಕಾರೂ ಅವನ ಕ್ಯಾಮೆರಾದಲ್ಲಿವೆ. ಜೀವ ಉಳಿಸಬಲ್ಲ ಆ ಭಾಗವನ್ನು ಮುಚ್ಚಿಡುತ್ತಾನೆ. ರಕ್ತದ ಭಾಗವನ್ನು ಮಾರುತ್ತಾನೆ.

ಮಾಧ್ಯಮಧರ್ಮದ ಗೆರೆ ಇರುವುದು ಅಲ್ಲಿ. ಚಿತ್ರಿಸಿದ್ದು ಸತ್ಯವೇ ಎಂಬ ಪ್ರಶ್ನೆಯೊಂದೇ ಸಾಲದು; ಬ್ಲೂಮ್ ಮಾರಿದ ರಕ್ತವೂ ಸತ್ಯವೇ. ಆ ಸತ್ಯದಲ್ಲಿ ಯಾವುದನ್ನು ಮುಂದಿಟ್ಟೆವು, ಯಾವುದನ್ನು ಹಿಂದೆ ಸರಿಸಿದೆವು ಎಂದೂ ಕೇಳಿಕೊಳ್ಳಬೇಕು.

ದೃಶ್ಯ ತೋರಿಸದಿದ್ದರೆ ಸರ್ಕಾರ ಏಳುತ್ತಿತ್ತೇ ಎಂಬ ವಾದದಲ್ಲಿ ಹುರುಳಿದೆ. ಪಡಮಲದ ಸಾವಿನ ಬಳಿಕ ಕಾಲರ್ ಮಾಹಿತಿ ಎರಡು ರಾಜ್ಯಗಳ ನಡುವೆ ಸಕಾಲಕ್ಕೆ ಹಂಚಿಕೆಯಾಯಿತೇ ಎಂಬ ಪ್ರಶ್ನೆ ಎದ್ದಿತು. ಅದನ್ನು ಎತ್ತಿದ್ದು ಪತ್ರಿಕೋದ್ಯಮದ ಕೆಲಸವೇ. ಆದರೆ ಆ ಪ್ರಶ್ನೆ ಕೇಳಲು ಒಬ್ಬ ಮನುಷ್ಯನ ಕೊನೆಯ ಕ್ಷಣಗಳನ್ನು ಮತ್ತೆ ಮತ್ತೆ ಓಡಿಸಬೇಕಿಲ್ಲ. ಮುರಿದ ಗೇಟು ಸಾಕು. ಪ್ರತಿ ಮರುಪ್ರಸಾರದಲ್ಲೂ ಮನೆಯವರ ಪಾಲಿಗೆ ಆ ಸಾವು ಇನ್ನೊಮ್ಮೆ ಸಂಭವಿಸುತ್ತದೆ.

ಇದು ಬರೀ ಅಭಿರುಚಿಯ ಮಾತಲ್ಲ. 2008ರ ಮುಂಬೈ ದಾಳಿಯ ನೇರಪ್ರಸಾರ ಭದ್ರತಾ ಸಿಬ್ಬಂದಿಯ ಜೀವಕ್ಕೇ ಅಪಾಯ ತಂದಿತೆಂದು ಸುಪ್ರೀಂ ಕೋರ್ಟ್ 2012ರ ಕಸಬ್ ತೀರ್ಪಿನಲ್ಲಿ ಕಟುವಾಗಿ ಟೀಕಿಸಿತು. ರಕ್ತಸಿಕ್ತ ದೃಶ್ಯಗಳನ್ನು ಮಸುಕಾಗಿಸದೆ ತೋರಿಸುವುದರ ವಿರುದ್ಧ ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಚಾನೆಲ್‌ಗಳಿಗೆ ಸೂಚನೆ ನೀಡಿತು. ಆದರೂ ಸೂಚನೆ ತಡೆಯಬಲ್ಲದ್ದು ರಕ್ತವನ್ನು ಮಾತ್ರ. ಉಪಯುಕ್ತ ಮಾಹಿತಿಯನ್ನು ಮುಂದಿಡುವ ಹೊಣೆ ಸಂಪಾದಕರದೇ.

ಆನೆಯ ಕುತ್ತಿಗೆಯಲ್ಲಿದ್ದ ಕಾಲರ್ ಅದು ಎಲ್ಲಿದೆಯೆಂದು ತಿಳಿಸಲೆಂದೇ ಇತ್ತು. ಆ ಒಂದು ಸಾಲಿನ ಸುದ್ದಿ ಪಡಮಲದ ಓಣಿಗೆ ಮುಂಚೆಯೇ ಬಂದಿದ್ದರೆ ಸಿಸಿಟಿವಿಗೆ ಆ ದೃಶ್ಯವೇ ಸಿಗುತ್ತಿರಲಿಲ್ಲ. ವಾಹಿನಿಗಳು ಪೈಪೋಟಿ ನಡೆಸಲಿ. ಆ ಸಾಲನ್ನು ಮೊದಲು ತಲುಪಿಸಲು ನಡೆಸಲಿ.