ಗುಡ್ಡ ಹತ್ತಿ ಮಾಡಿದ ಕರೆಗೆ ಯಾರು ಹೊಣೆ?

ಚಿಕ್ಕಮಗಳೂರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ,



ಕುದುರೆಮುಖ, ಸಂಸೆ, ಕಳಸ, ಬಾಳೂರು ಕಡೆಯಿಂದ ತುರ್ತು ಸಹಾಯದ 112ಕ್ಕೆ ಕರೆ ಕಡಿಮೆ ಬಂದರೆ ಅದನ್ನು ಮಲೆನಾಡಿನ ನೆಮ್ಮದಿ ಎಂದು ತಾವು ಬರೆದುಕೊಳ್ಳಬೇಡಿ. ರಾತ್ರಿ ಹೊತ್ತು ಏನಾದರೂ ಅನಾಹುತವಾದರೆ ಇಲ್ಲಿನವರು ಮೊದಲು ಫೋನ್ ಮಾಡುವುದು ಪಂಚಾಯಿತಿ ಮೆಂಬರಿಗೆ. ಅವರು ಸಿಗದಿದ್ದರೆ ಜೀಪಿರುವ ನೆರೆಮನೆಯವರಿಗೆ. ಪರಿಚಯದ ಪೊಲೀಸರೊಬ್ಬರಿದ್ದರೆ ಅವರ ಸ್ವಂತ ಮೊಬೈಲಿಗೆ. ತೋಟದ ಲೈನಿನಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ಇರುವವರು ತೋಟದ ಲೆಕ್ಕ ನೋಡುವ ರೈಟರಿಗೆ. ಇಷ್ಟೂ ಬಾಗಿಲು ತಟ್ಟಿ ಮುಗಿದ ಮೇಲೆ 112 ನೆನಪಾಗುತ್ತದೆ. ಇದು ಪೊಲೀಸರ ಮೇಲಿನ ಸಿಟ್ಟಲ್ಲ. ಆ ಕಡೆ ಫೋನೆತ್ತಿದವರಿಗೆ ನಾವು ಎಲ್ಲಿದ್ದೇವೆಂದು ಗೊತ್ತಾಗುವುದಿಲ್ಲ, ಗೊತ್ತಾದರೂ ಮುಂದೇನಾಯಿತು ಅಂತ ನಮಗೆ ಹೇಳುವವರಿಲ್ಲ ಎಂಬ ಅನಿಸಿಕೆ ಗಟ್ಟಿಯಾಗಿಬಿಟ್ಟಿದೆ, ಅಷ್ಟೆ.

ಈ ಕಡೆಯ ಒಂದು ಕರೆ ಹೇಗೆ ಹುಟ್ಟುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಳೆಗಾಲ. ಕರೆಂಟು ಹೋಗಿದೆ. ಕರೆಂಟಿಲ್ಲದೆ ಮನೆಯ ವೈಫೈ ಇಲ್ಲ, ಆದ್ದರಿಂದ ವಾಟ್ಸಾಪೂ ಇಲ್ಲ. ಟವರಿನ ಬ್ಯಾಟರಿ ಇಳಿಯುವವರೆಗೆ ಸಿಗ್ನಲ್ಲು, ಅದೂ ಮನೆಯೊಳಗಲ್ಲ. ಗುಡ್ಡದ ಮೇಲೆ ಎಲ್ಲರಿಗೂ ಗೊತ್ತಿರುವ ಒಂದು ಜಾಗದಲ್ಲಿ. ಜಿಗಣೆ ಕಿತ್ತುಕೊಳ್ಳುತ್ತ ಅಲ್ಲಿಗೆ ಹತ್ತಿ ಕರೆ ಮಾಡುತ್ತಾರೆ. ಬೆಂಗಳೂರಿನಲ್ಲಿ ಒಬ್ಬರು ಎತ್ತುತ್ತಾರೆ. ‘ವಿಳಾಸ ಹೇಳಿ.’ ‘ಸಂಸೆ ದಾಟಿ ಮಣ್ಣುರಸ್ತೆ, ಕಾಲುಸಂಕ ಆದಮೇಲೆ ಮೇಲಿನ ಮನೆ.’ ‘ಹತ್ತಿರ ಲ್ಯಾಂಡ್‌ಮಾರ್ಕ್ ಏನಿದೆ?’ ಹತ್ತಿರ ಇರುವುದು ಹಳ್ಳ! ಹೇಗೋ ತಿಳಿಸಿ, ಮನೆಯಲ್ಲಿ ಪೆಟ್ಟು ತಿಂದು ಬಿದ್ದವರನ್ನು ನೋಡಿಕೊಳ್ಳಬೇಕಲ್ಲ, ಗುಡ್ಡ ಇಳಿಯುತ್ತಾರೆ. ಇಳಿದ ಕ್ಷಣದಿಂದ ಅವರ ಫೋನು ‘ವ್ಯಾಪ್ತಿ ಪ್ರದೇಶದಿಂದ ಹೊರಗಿದೆ’. ಅರ್ಧ ದಾರಿಗೆ ಬಂದ ಗಾಡಿಯವರು ದಾರಿ ಕೇಳಲು ಕರೆ ಮಾಡಿದರೆ ಉತ್ತರವಿಲ್ಲ. ಅಲ್ಲಿಗೆ ಆ ಕರೆಯ ಕಥೆ ಮುಗಿಯಬಹುದು. ಕಡತದಲ್ಲಿ ಅದು ಸಂಪರ್ಕಕ್ಕೆ ಸಿಗದ ದೂರುದಾರರ ಕರೆ. ಊರಿನವರ ಬಾಯಲ್ಲಿ, ಫೋನ್ ಮಾಡಿದರೂ ಬಾರದ ಪೊಲೀಸರು. ಎರಡೂ ಸುಳ್ಳಲ್ಲ.

ನಿರ್ಭಯಾ ನಿಧಿಯ ಹಣದಲ್ಲಿ ದೇಶಕ್ಕೆಲ್ಲ ಒಂದೇ ನಂಬರು ಎಂದು ಬಂದ ವ್ಯವಸ್ಥೆ ಇದು. ಸ್ಮಾರ್ಟ್‌ಫೋನಿನ ಪವರ್ ಬಟನ್ ಮೂರು ಸಲ ಒತ್ತಿದರೆ, ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿದರೆ ಕರೆ ಹೋಗಬೇಕೆಂದು 2016ರಲ್ಲೇ ನಿಯಮವಾಯಿತು. ಒಳ್ಳೆಯದೇ. ಆದರೆ ಇದು ಬಟನ್ ಒತ್ತಿದ ಕಡೆ ಸಿಗ್ನಲ್ ಇರುತ್ತದೆಂದು ನಂಬಿ ಮಾಡಿದ ಏರ್ಪಾಡು. ಸಿಗ್ನಲ್ ಇಲ್ಲದ ಊರಿಗೆ ಬೇರೆ ನಿಯಮ ಬೇಕು: ಕರೆ ಮಾಡಿದವರು ಮತ್ತೆ ಸಿಗದಿದ್ದರೆ ಆ ಕರೆಯನ್ನು ಮುಚ್ಚಬಾರದು. ಆ ಬೀಟಿನ ಸಿಬ್ಬಂದಿಗೆ ಒಪ್ಪಿಸಬೇಕು, ಅವರು ಮನೆ ಮುಟ್ಟಿ ನೋಡಿ ಬಂದ ಮೇಲೆಯೇ ಮುಚ್ಚಬೇಕು, ಅದು ಮರುದಿನ ಬೆಳಿಗ್ಗೆಯಾದರೂ ಸರಿ. ಹದಿನೈದು ನಿಮಿಷದಲ್ಲಿ ಬನ್ನಿ ಎಂದು ನಾವು ಯಾರೂ ಕೇಳುತ್ತಿಲ್ಲ. ಭದ್ರೆ ಏರಿದರೆ ಹೆಬ್ಬಾಳೆ ಸೇತುವೆ ಮುಳುಗಿ ಕಳಸ–ಹೊರನಾಡು ದಾರಿ ನಿಂತುಹೋಗುವುದನ್ನು ಪ್ರತಿ ಮಳೆಗಾಲ ನೋಡುವ ಜನ ನಾವು. 2019ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿಯಲ್ಲಿ ಗುಡ್ಡವೇ ಕುಸಿದು ಬಂದಾಗ ಯಾವ ಗಾಡಿಗೂ ದಾರಿಯಿರಲಿಲ್ಲ ಎಂಬುದೂ ಗೊತ್ತು. ‘ಮರ ಬಿದ್ದಿದೆ, ಎರಡು ಗಂಟೆಯಾಗುತ್ತದೆ’ ಎಂದು ಯಾರಾದರೂ ಹೇಳಿದರೆ ಸಾಕು, ಅಷ್ಟರೊಳಗೆ ನಾವು ಏನು ಮಾಡಬೇಕೋ ಮಾಡಿಕೊಳ್ಳುತ್ತೇವೆ.

ಇನ್ನೊಂದು, ಗಡಿಯ ರಗಳೆ. ಉಡುಪಿ ಜಿಲ್ಲೆಯ ಗಡಿಯಲ್ಲಿರುವ ಎಸ್.ಕೆ. ಬಾರ್ಡರಿನ ಆಚೆ ಈಚೆ ಗಾಡಿ ಪಲ್ಟಿಯಾದರೆ ಅದು ಕುದುರೆಮುಖದ್ದೋ ಕಾರ್ಕಳ ಕಡೆಯದ್ದೋ ಎಂಬ ಪ್ರಶ್ನೆ ಏಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ವ್ಯಾಪ್ತಿ ಯಾರದ್ದೇ ಇರಲಿ, ಸಂಜ್ಞೇಯ ಅಪರಾಧದ ದೂರನ್ನು ಮೊದಲು ತೆಗೆದುಕೊಳ್ಳಬೇಕು. ದೂರಿಗೇ ಗಡಿಯಿಲ್ಲದ ಮೇಲೆ ಜೀವ ಉಳಿಸುವ ಕೆಲಸಕ್ಕೆ ಏಕಿರಬೇಕು?

ಈಗ ಲೈನಿನ ವಿಷಯ. ಈ ಪತ್ರ ಬರೆಯಲು ಮುಖ್ಯ ಕಾರಣವೇ ಅದು. ತೋಟದ ಲೈನ್ ಮನೆಗಳಲ್ಲಿ ಇರುವ ತಮಿಳರು, ಬಯಲುಸೀಮೆಯವರು, ಈಚೆಗೆ ಅಸ್ಸಾಮಿನಿಂದ ಬಂದವರು, ಇವರೆಲ್ಲರ ಹೊರಲೋಕದ ಬಾಗಿಲು ರೈಟರು. ಜಗಳವಾದರೂ ರೈಟರು, ಹೆರಿಗೆ ನೋವಾದರೂ ರೈಟರು. ತೊಂದರೆ ಕೊಡುತ್ತಿರುವುದು ತೋಟದವರೇ ಆದರೆ? 2022ರ ಅಕ್ಟೋಬರಿನಲ್ಲಿ ಬಾಳೆಹೊನ್ನೂರು ಠಾಣಾ ವ್ಯಾಪ್ತಿಯ ಕಾಫಿ ತೋಟವೊಂದರಲ್ಲಿ ಸಾಲದ ವಿಚಾರಕ್ಕೆ ದಲಿತ ಕಾರ್ಮಿಕರನ್ನು ಕೂಡಿಹಾಕಿದ್ದಾರೆ, ಗರ್ಭಿಣಿಯೊಬ್ಬರ ಮೇಲೆ ಹಲ್ಲೆಯಾಗಿ ಮಗು ಹೋಯಿತು ಎಂಬ ಆರೋಪ ದೇಶದಾದ್ಯಂತ ಸುದ್ದಿಯಾಯಿತು. ಮೊದಲು ಠಾಣೆಗೆ ಹೋದ ದೂರು ಅದೇ ದಿನ ವಾಪಸಾಗಿತ್ತು. ಆ ಮಹಿಳೆ ಜಿಲ್ಲಾಸ್ಪತ್ರೆ ಸೇರಿ ವಿಷಯ ಜಿಲ್ಲಾ ಪೊಲೀಸ್ ಮುಖ್ಯಸ್ಥರವರೆಗೆ ಬಂದ ಮೇಲೆ ಪ್ರಕರಣ ದಾಖಲಾಯಿತು ಎಂದು ಆಗಿನ ವರದಿಗಳಲ್ಲಿದೆ. ತಪ್ಪು ಯಾರದೆಂಬುದನ್ನು ನ್ಯಾಯಾಲಯ ಹೇಳಲಿ. ನಾನು ಕೇಳುವುದು ಬೇರೆ. ಹೀಗೆ ಬೆಳಗಾಗುವುದರೊಳಗೆ ವಾಪಸಾಗುವ ದೂರನ್ನು ‘ಇತ್ಯರ್ಥ’ ಎಂದು ಬರೆಯುತ್ತೀರೋ, ಏಕೆ ವಾಪಸಾಯಿತೆಂದು ಯಾರಾದರೂ ಲೈನಿಗೆ ಹೋಗಿ ಕೇಳುತ್ತಾರೋ?

ಅದಕ್ಕೂ ಮೊದಲು, 2021ರ ಮೇ ತಿಂಗಳಲ್ಲಿ, ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಠಾಣೆಗೆ ಕರೆದೊಯ್ದ ದಲಿತ ಯುವಕನಿಂದ ಮೂತ್ರ ನೆಕ್ಕಿಸಿದ ಆರೋಪ ಅಲ್ಲಿನ ಪಿಎಸ್‌ಐ ಮೇಲೆ ಬಂತು. ಸಿಐಡಿ ತನಿಖೆ ನಡೆಯಿತು, ಸೆಪ್ಟೆಂಬರಿನಲ್ಲಿ ಬಂಧನವೂ ಆಯಿತು. ಇಲಾಖೆ ಕ್ರಮ ತೆಗೆದುಕೊಂಡದ್ದನ್ನು ಒಪ್ಪೋಣ. ಆದರೂ ಇಂಥ ಸುದ್ದಿ ಲೈನಿನಿಂದ ಲೈನಿಗೆ ಹೋಗುವ ವೇಗದಲ್ಲಿ ಬಂಧನದ ಸುದ್ದಿ ಹೋಗುವುದಿಲ್ಲ.

ಪೊಲೀಸರು ಈ ಕಾಡಿಗೆ ಹೊಸಬರಲ್ಲ. ಗಣಿಗಾರಿಕೆ 2005ರ ಕೊನೆಗೆ ನಿಂತು ಕುದುರೆಮುಖದ ಕ್ವಾರ್ಟರ್ಸುಗಳು ಖಾಲಿಯಾದ ಕಾಲಕ್ಕೇ ಇಲ್ಲಿ ಪೊಲೀಸರು ತುಂಬಿದ್ದರು. 2003ರಲ್ಲಿ ಈದು ಗ್ರಾಮದ ನಕ್ಸಲ್ ಎನ್‌ಕೌಂಟರ್, 2005ರ ಫೆಬ್ರವರಿಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಸಾವು, ಆಮೇಲಿನ ಕೂಂಬಿಂಗು. ಆಗ ಪೊಲೀಸ್ ಜೀಪು ಬಂತೆಂದರೆ ಒಂಟಿಮನೆಯವರಿಗೆ ಎದೆ ಡವಡವ. ನಕ್ಸಲರಿಗೆ ರಾತ್ರಿ ಊಟ ಹಾಕಿದಿರಾ ಎಂಬ ಪ್ರಶ್ನೆಗೆ ಉತ್ತರಿಸಬೇಕಿತ್ತು. 2025ರ ಜನವರಿ 8ರಂದು ಮುಂಡಗಾರು ಲತಾ, ಬಾಳೆಹೊಳೆಯ ವನಜಾಕ್ಷಿ ಸೇರಿ ಆರು ಮಂದಿ ನಕ್ಸಲರು ಮುಖ್ಯಮಂತ್ರಿಗಳ ಎದುರು ಶರಣಾದರು. ನಕ್ಸಲ್ ನಿಗ್ರಹ ದಳದ ಒಂದು ಪಾಲು ಸಿಬ್ಬಂದಿಯನ್ನು ಅದೇ ವರ್ಷ ಕರಾವಳಿ ಮತ್ತು ಶಿವಮೊಗ್ಗಕ್ಕೆಂದು ಮಾಡಿದ ವಿಶೇಷ ಕಾರ್ಯಪಡೆಗೆ ಕೊಟ್ಟರು. ಉಳಿದವರಲ್ಲಿ ಈ ಕಾಡಿನ ಕಾಲುದಾರಿ, ಒಂಟಿಮನೆ ಎಲ್ಲ ಬಲ್ಲವರಿದ್ದಾರೆ. ಅವರಲ್ಲಿ ಕೆಲವರನ್ನಾದರೂ ಕಳಸ, ಕುದುರೆಮುಖ, ಬಾಳೂರು ಠಾಣೆಗಳಿಗೆ ಕೊಡಿಸಿ. ಅದು ತಮ್ಮ ಕೈಯಲ್ಲಿಲ್ಲದಿರಬಹುದು. ಮೇಲಕ್ಕೆ ಬರೆಯುವುದಂತೂ ಇದೆ. ಈ ಠಾಣೆಗಳಲ್ಲಿ ಶನಿವಾರ ಭಾನುವಾರ ಪ್ರವಾಸಿಗರ ಕಾರು ಬಿಡಿಸುವುದರಲ್ಲೇ ಇರುವ ಸಿಬ್ಬಂದಿಯೂ ಹೈರಾಣಾಗಿದ್ದಾರೆ, ಅದನ್ನೂ ಕಣ್ಣಾರೆ ಕಂಡಿದ್ದೇವೆ.

‘ಮನೆ ಮನೆಗೆ ಪೊಲೀಸ್’ ಎಂದು 2025ರಲ್ಲಿ ಸರ್ಕಾರ ಶುರುಮಾಡಿದೆ. ಲೈನನ್ನೂ ಮನೆ ಎಂದು ಲೆಕ್ಕ ಹಿಡಿಯಿರಿ. ಬೀಟಿನವರು ತೋಟದ ಆಫೀಸಿನಲ್ಲಿ ಕಾಫಿ ಕುಡಿದು ಸಹಿ ಹಾಕಿ ಹೋಗದೆ, ರೈಟರು ಜೊತೆಗಿಲ್ಲದ ಹೊತ್ತಿನಲ್ಲಿ, ಸಂತೆ ದಿನವೋ ರಜಾ ದಿನವೋ, ಲೈನಿನ ಹೆಂಗಸರನ್ನು ಮಾತಾಡಿಸಲಿ. 112 ಎಂಬ ಬೋರ್ಡು ಕನ್ನಡದ ಜೊತೆಗೆ ತಮಿಳು, ಅಸ್ಸಾಮಿಯಲ್ಲೂ ಲೈನಿನ ಗೋಡೆಯ ಮೇಲೆ ಇರಲಿ. ಒಂಟಿಮನೆಗಳಿಗೆ ದಾರಿ ಹೇಗೆಂದು ಒಮ್ಮೆ ಬರೆದಿಟ್ಟುಕೊಂಡರೆ, ಮನೆಯ ಹೆಸರು ಹೇಳಿದ ಕೂಡಲೇ ಬೆಂಗಳೂರಿನಲ್ಲಿ ಕೂತವರಿಗೂ ಅದು ಸಿಗಬೇಕು. ಪೋಸ್ಟ್‌ಮ್ಯಾನಿಗೆ, ಲೈನ್‌ಮ್ಯಾನಿಗೆ ಗೊತ್ತಿರುವ ದಾರಿ ಪೊಲೀಸರಿಗೆ ಗೊತ್ತಾಗದಿರಲು ಕಾರಣವಿಲ್ಲ.

ಕೊನೆಯದಾಗಿ ಒಂದೇ ಬೇಡಿಕೆ. ಜಿಲ್ಲೆಯ ಸರಾಸರಿ ನಿಮಿಷ ನಮಗೆ ಬೇಡ. ಚಿಕ್ಕಮಗಳೂರು ಪೇಟೆಯ ಕರೆ ಸೇರಿದರೆ ಆ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಪ್ರತಿ ಠಾಣೆಯಲ್ಲೂ ತಿಂಗಳಿಗೊಮ್ಮೆ ಒಂದು ಹಾಳೆ ಹಾಕಿಸಿ: ಎಷ್ಟು ಕರೆ ಬಂತು, ಎಷ್ಟು ಕಡೆ ಹೋಗಿ ತಲುಪಿದಿರಿ, ತಲುಪದೆಯೇ ಮುಚ್ಚಿದ್ದು ಎಷ್ಟು, ಏಕೆ. ಮಳೆ ಹಿಡಿಯುವ ಮೊದಲು ಮೊದಲ ಹಾಳೆ ಕಳಸ ಠಾಣೆಯ ಗೋಡೆಗೆ ಬರಲಿ. ಅಂಕಿ ಎಷ್ಟೇ ಕೆಟ್ಟದಾಗಿದ್ದರೂ ಸರಿ, ಅಂಟಿಸಿ.

ಇಂತಿ ತಮ್ಮ ವಿಶ್ವಾಸಿ,
ಕಳಸ ಕಡೆಯ ಒಬ್ಬ ಸಣ್ಣ ಬೆಳೆಗಾರ