ಒಂದು ಫೋನಿನ ತಪ್ಪಿಗೆ ರೂಟರಿಗೆ ಪಿನ್ ಚುಚ್ಚಬೇಡಿ

ಈ ಸಲ ನಮ್ಮನೇಲಿ ಕೊಳೆ ಔಷಧಿ ಎರಡನೇ ಸುತ್ತು ಎಂಟು ದಿನ ತಡ ಆಯ್ತು. ಕೇಳಿದವರಿಗೆಲ್ಲ ಮಳೆ ಬಿಡಲಿಲ್ಲ ಅಂತ ಹೇಳಿದ್ದೀನಿ. ಮಳೆ ಅರ್ಧ ಕಾರಣ ಅಷ್ಟೇ. ಉಳಿದರ್ಧ ಕಾರಣ ನಾನು, ಮತ್ತೆ ನನ್ನ ಕೈಲಿದ್ದ ಒಂದು ಸೇಫ್ಟಿ ಪಿನ್. ನಾಚಿಕೆ ಬಿಟ್ಟು ಬರೀತಿದ್ದೀನಿ, ಯಾಕಂದ್ರೆ ಇದೇ ತಿಂಗಳಲ್ಲಿ ನಮ್ಮ ಸುತ್ತಮುತ್ತ ಇನ್ನೂ ಇಬ್ಬರು ಇದೇ ಕೆಲಸ ಮಾಡಿದ್ದು ಗೊತ್ತಾಯ್ತು.

ನಮ್ಮ ಮನೆ ಇರೋದು ಹಳ್ಳದ ಪಕ್ಕ, ಮೂರೂ ಕಡೆ ಗುಡ್ಡ. ಮನೆಯೊಳಗೆ ಯಾವ ಕಂಪನಿಯ ಸಿಗ್ನಲ್ಲೂ ಇಲ್ಲ. ಮಾತಾಡಬೇಕು ಅಂದ್ರೆ ಗುಡ್ಡದ ಮೇಲಿನ ಗೇರು ಮರದ ಹತ್ತಿರ ಹೋಗಬೇಕಿತ್ತು. ಕರೆಂಟ್ ಕಂಬದ ಮೇಲೆ ಫೈಬರ್ ಲೈನ್ ಬಂದ ಮೇಲೆ ಆ ಕಷ್ಟ ತಪ್ಪಿತು. ವೈಫೈ ಕಾಲಿಂಗ್ ಅಂತ ಒಂದು ವ್ಯವಸ್ಥೆ ಇದೆಯಲ್ಲ, ನಮ್ಮ ದೇಶದಲ್ಲಿ 2019ರ ಕೊನೆ, 2020ರ ಶುರುವಿನಲ್ಲಿ ಬಂದದ್ದು. ಟವರ್ ಇಲ್ಲದಿದ್ರೂ ಮನೆಯ ವೈಫೈ ಮೂಲಕ ಮಾಮೂಲಿ ನಂಬರಿಗೆ ಕರೆ ಬರುತ್ತೆ, ಹೋಗುತ್ತೆ. ಹಾಗಾಗಿ ಪೇಟೆಯವರಿಗೆ ವೈಫೈ ಹೋದ್ರೆ ಸಿನಿಮಾ ನಿಲ್ಲುತ್ತೆ. ನಮಗೆ ವೈಫೈ ಹೋದ್ರೆ ಫೋನೇ ನಿಲ್ಲುತ್ತೆ. ಬ್ಯಾಂಕಿನ ಓಟಿಪಿ ಇಲ್ಲ, ರಾತ್ರಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ 108ಕ್ಕೆ ಕರೆ ಇಲ್ಲ, ಕೊನೆಗಾರನ ಫೋನೂ ಇಲ್ಲ.

ಪುನರ್ವಸು ಮಳೆ ಹಿಡಿದ ಮೂರನೇ ದಿನ ನನ್ನ ಫೋನು ವೈಫೈ ಬಿಟ್ಟಿತು. ಹೆಸರು ಕಾಣುತ್ತೆ, ಒತ್ತಿದ್ರೆ ಸ್ವಲ್ಪ ಹೊತ್ತು ತಿರುಗುತ್ತೆ, ಆಮೇಲೆ "ಸೇವ್ಡ್" ಅಂತ ಬಂದು ಸುಮ್ಮನಾಗುತ್ತೆ. ಎರಡು ದಿನದಲ್ಲಿ ಕೊನೆಗಾರ ಫೋನ್ ಮಾಡೋನಿದ್ದ, ಹೊಳವು ನೋಡಿ ಬರ್ತೀನಿ ಅಂದಿದ್ದ. ಮೊದಲ ಸುತ್ತು ಹೊಡೆದು ಆಗಲೇ ನಲವತ್ತು ದಿನ ದಾಟಿತ್ತು. ತಲೆ ಬಿಸಿ ಆಗಿತ್ತು ನನಗೆ. ಫೋನ್ ಆಫ್ ಮಾಡಿ ಆನ್ ಮಾಡಿದೆ, ಆಗಲಿಲ್ಲ. ರೂಟರಿನ ಸ್ವಿಚ್ ಆರಿಸಿ ಹಾಕಿದೆ, ಆಗಲಿಲ್ಲ. ಡಬ್ಬದ ಹಿಂದೆ ಸಣ್ಣ ತೂತು ಇತ್ತು, ರೀಸೆಟ್ ಅಂತ ಬರೆದಿತ್ತು. ಹೆಂಡತಿಯ ಸೇಫ್ಟಿ ಪಿನ್ ತಗೊಂಡು ಹತ್ತು ಸೆಕೆಂಡ್ ಒತ್ತಿ ಹಿಡಿದೆ.

ಅಲ್ಲಿಗೆ ಇಡೀ ಮನೆಯ ಇಂಟರ್ನೆಟ್ ಹೋಯ್ತು. ಅಲ್ಲಿತನಕ ಹೆಂಡತಿ ಫೋನು ಚೆನ್ನಾಗೇ ನಡೀತಿತ್ತು, ಟಿವಿಯೂ ನಡೀತಿತ್ತು. ಇದನ್ನು ನಾನು ನೋಡಿಯೂ ನೋಡಿರಲಿಲ್ಲ. ಇಡೀ ಕಥೆಯಲ್ಲಿ ನನ್ನ ದೊಡ್ಡ ತಪ್ಪು ಇದೇ.

ತೋಟದಲ್ಲಿ ನಾವು ಹೀಗೆ ಮಾಡಲ್ಲ. ಒಂದು ಮರದ ಸೋಗೆ ಹಳದಿ ಆದ್ರೆ ಆ ಮರದ ಬುಡ ಬಿಡಿಸಿ ನೋಡ್ತೀವಿ. ಇಡೀ ಸಾಲು ಹಳದಿ ಆದ್ರೆ ಬಸಿಗಾಲುವೆ ಕಟ್ಟಿದೆಯಾ ಅಂತ ನೋಡ್ತೀವಿ. ಒಂದು ಮರಕ್ಕೆ ಸೀಕು ಅಂತ ಯಾರೂ ಕಾಲುವೆ ಮುಚ್ಚಲ್ಲ. ಫೋನ್ ವಿಷಯಕ್ಕೆ ಬಂದ್ರೆ ಮಾತ್ರ ನಮಗೆ ಅಷ್ಟು ವ್ಯವಧಾನ ಇರಲ್ಲ.

ಪಿನ್ ಒತ್ತಿದ್ರೆ ಏನಾಗುತ್ತೆ ಅನ್ನೋದನ್ನ ಯಾರೂ ನಮಗೆ ಹೇಳಿರಲ್ಲ. ಸ್ವಿಚ್ ಆರಿಸಿ ಹಾಕೋದು ಬೇರೆ, ಪಿನ್ ಚುಚ್ಚೋದು ಬೇರೆ. ಸ್ವಿಚ್ ಆರಿಸಿದ್ರೆ ಡಬ್ಬ ನಿದ್ದೆ ಮಾಡಿ ಎದ್ದ ಹಾಗೆ, ನೆನಪು ಇರುತ್ತೆ. ಪಿನ್ ಒತ್ತಿದ್ರೆ ಕಾರ್ಖಾನೆಯಿಂದ ಬಂದ ದಿನದ ಹಾಗೆ ಆಗುತ್ತೆ. ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್ ಅಳಿಸಿ ಹೋಗುತ್ತೆ, ಅದಾದ್ರೆ ಪರವಾಗಿಲ್ಲ, ಡಬ್ಬದ ತಳದ ಸ್ಟಿಕ್ಕರಿನಲ್ಲಿ ಹಳೇ ಹೆಸರು, ಪಾಸ್‌ವರ್ಡ್ ಇರುತ್ತೆ. ಅದರ ಜೊತೆಗೆ ಲೈನಿನ ಯೂಸರ್‌ನೇಮ್, ಪಾಸ್‌ವರ್ಡ್ ಅಂತ ಇನ್ನೊಂದು ಜೋಡಿ ಇರುತ್ತೆ. ಇವರು ನಮ್ಮ ಗಿರಾಕಿ ಅಂತ ಆ ಕಡೆಯ ಕಂಪನಿಗೆ ಗೊತ್ತಾಗೋದು ಅದರಿಂದ. ಲೈನ್ ಎಳೆದ ಹುಡುಗ ಮೊದಲ ದಿನ ಡಬ್ಬದೊಳಗೆ ತುಂಬಿ ಹೋಗಿರ್ತಾನೆ, ನಮಗೆ ಕೊಟ್ಟಿರಲ್ಲ. ಪಿನ್ ಒತ್ತಿದ್ರೆ ಅದೂ ಹೋಗುತ್ತೆ. ಕೆಲವು ಕಂಪನಿಯ ಡಬ್ಬಗಳು ತಾವೇ ಮತ್ತೆ ತುಂಬಿಕೊಳ್ತವೆ. ನಮ್ಮದು ಆ ಜಾತಿ ಅಲ್ಲ.

ಛತ್ರಿ ಹಿಡ್ಕೊಂಡು ಗೇರು ಮರದ ಹತ್ತಿರ ಹೋಗಿ ಲೈನಿನವರಿಗೆ ಫೋನ್ ಮಾಡಿದೆ. "ರೀಸೆಟ್ ಮಾಡಿದ್ರಾ? ಹಾಗಾದ್ರೆ ಹುಡುಗ ಬರಬೇಕು. ಸೋಮವಾರ" ಅಂದ್ರು. ಅವತ್ತು ಗುರುವಾರ. ಆ ಯೂಸರ್‌ನೇಮ್ ಫೋನಲ್ಲೇ ಹೇಳಿ, ನಾನೇ ಹಾಕ್ತೀನಿ ಅಂದೆ. "ಅದು ನಿಮಗೆ ಆಗಲ್ಲ ಬಿಡಿ" ಅಂತ ಇಟ್ಟರು. ಸೋಮವಾರ ಬಂದ ಹುಡುಗ ಹತ್ತು ನಿಮಿಷದಲ್ಲಿ ತುಂಬಿದ. ವೈಫೈಗೆ ಹಳೇ ಹೆಸರೇ ಇಟ್ಟ, ಪಾಸ್‌ವರ್ಡ್ ಮಾತ್ರ ಹೊಸದು. ಹೆಂಡತಿ ಫೋನಿಗೆ ಅದನ್ನು ಹಾಕಿದ, ಬಂತು. ನನ್ನ ಫೋನು? ಮತ್ತೆ "ಸೇವ್ಡ್"!

ಅವನು ನಗಲಿಲ್ಲ, ಅದು ಅವನ ದೊಡ್ಡತನ. ನನ್ನ ಫೋನ್ ತಗೊಂಡು ವೈಫೈ ಹೆಸರಿನ ಪಕ್ಕದ ಗುರುತು ಒತ್ತಿ, "ಫರ್ಗೆಟ್" ಅಂತ ಮಾಡಿ, ಮತ್ತೆ ಹೆಸರು ಒತ್ತಿ ಪಾಸ್‌ವರ್ಡ್ ಟೈಪ್ ಮಾಡಿದ. ಇಪ್ಪತ್ತು ಸೆಕೆಂಡ್. ಕನೆಕ್ಟ್ ಆಯ್ತು.

ಆಗ ಹೆಂಡತಿ ಹೇಳಿದ್ದು, ಮೊನ್ನೆ ಬೆಂಗಳೂರಿಂದ ಬಂದಿದ್ದ ಅಕ್ಕನ ಮಗ ಹೊರಡೋ ಮುಂಚೆ "ಪಾಸ್‌ವರ್ಡ್ ತುಂಬಾ ಸುಲಭ ಇದೆ ಅತ್ತೆ" ಅಂತ ಬದಲಿಸಿ, ಅವಳ ಫೋನಿಗೂ ಟಿವಿಗೂ ಹಾಕಿ ಹೋಗಿದ್ದನಂತೆ. ನಾನು ತೋಟದಲ್ಲಿದ್ದೆ. ನನ್ನ ಫೋನು ಹಳೇ ಬೀಗದ ಕೈ ಹಿಡ್ಕೊಂಡು ಹೊಸ ಬೀಗಕ್ಕೆ ಹಾಕ್ತಾನೇ ಇತ್ತು. ಬಾಗಿಲು ಅದೇ ಅಲ್ವಾ, ಹೆಸರು ಬದಲಾಗಿಲ್ಲ, ಅದಕ್ಕೆ ಹೊಸದು ಕೇಳೋ ಬುದ್ಧಿ ಬರಲಿಲ್ಲ. ಹೆಂಡತಿ ಇದನ್ನು ಗುರುವಾರ ಹೇಳಿದ್ರೆ ಆಗ್ತಿರಲಿಲ್ವಾ ಅಂತ ಕೇಳಿದೆ. ನೀವು ಕೇಳಿದ್ರಾ ಅಂದಳು. ಅದೂ ಸರಿ.

ಈ ನಡುವೆ ಕೊನೆಗಾರ ಶುಕ್ರವಾರ ಎರಡು ಸಲ ಫೋನ್ ಮಾಡಿ, ಸಿಗದೆ, ಹೊಳವು ಸಿಕ್ಕ ಶನಿವಾರ ಭಾನುವಾರ ಆಚೆ ಊರಿನ ತೋಟಕ್ಕೆ ಹೋದ. ಅವನದ್ದೇನೂ ತಪ್ಪಿಲ್ಲ. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್, ಈ ಲೆಕ್ಕ ನಮಗೆ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಗೊತ್ತು. ಮರ ಹತ್ತೋ ಮನುಷ್ಯ ಸಿಗೋದೇ ಈಗಿನ ಕಷ್ಟ. ಅವನು ಬರುವಷ್ಟರಲ್ಲಿ ಕೆಳಗಿನ ತೋಟದಲ್ಲಿ ಕಾಯಿ ಉದುರಲು ಶುರುವಾಗಿತ್ತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಫೋನ್ ವೈಫೈಗೆ ಸೇರಲ್ಲ ಅಂದಾಗ ಮೊದಲು ಕೈ ಕಟ್ಟಿಕೊಂಡು ಮನೆಯ ಇನ್ನೊಂದು ಫೋನ್ ನೋಡಿ. ಅದು ನಡೀತಿದ್ರೆ ಲೈನೂ ಸರಿ ಇದೆ, ರೂಟರೂ ಹೆಚ್ಚುಕಡಿಮೆ ಸರಿ ಇದೆ. ಸೀಕು ನಿಮ್ಮ ಫೋನಿನದ್ದು. ರೂಟರ್ ಮುಟ್ಟೋ ಅಗತ್ಯ ಇಲ್ಲ. ಫರ್ಗೆಟ್ ಮಾಡಿ, ಪಾಸ್‌ವರ್ಡ್ ದೊಡ್ಡಕ್ಷರ ಸಣ್ಣಕ್ಷರ ನೋಡಿ ಮತ್ತೆ ಹಾಕಿ. ಟೈಪ್ ಮಾಡುವಾಗ ಪಕ್ಕದ ಕಣ್ಣಿನ ಗುರುತು ಒತ್ತಿದ್ರೆ ಬರೆದದ್ದು ಕಾಣುತ್ತೆ. ನಮ್ಮ ವಯಸ್ಸಿನವರ ಬೆರಳಿಗೆ ಅದು ಬೇಕು.

ಯಾವ ಫೋನಿಗೂ ಬರ್ತಿಲ್ಲ ಅಂದ್ರೆ ಡಬ್ಬದ ದೀಪ ನೋಡಿ. ಎಲ್‌ಒಎಸ್ ಅಂತ ಮೂರಕ್ಷರದ ದೀಪ ಕೆಂಪಾಗಿದ್ರೆ ಬೆಳಕು ಮನೆತನಕ ಬರ್ತಿಲ್ಲ ಅಂತ ಅರ್ಥ. ಎಲ್ಲೋ ಫೈಬರ್ ತುಂಡಾಗಿದೆ, ಅಥವಾ ಡಬ್ಬದ ಹಿಂದೆಯೇ ತುಂಬಾ ಮಡಚಿದೆ. ಮೊದಲು ನಿಮ್ಮ ಅಂಗಳದೊಳಗೆ ನೋಡಿ. ಸೋಗೆ ಬಿದ್ದಿರುತ್ತೆ, ಅಳಿಲು ಕಡಿದಿರುತ್ತೆ, ಮಂಗ ಜೋತಾಡಿರುತ್ತೆ. ತುಂಡಾಗಿದ್ರೆ ನೀವು ಗಂಟು ಹಾಕೋ ವಸ್ತು ಅಲ್ಲ ಅದು, ಗಾಜಿನ ಎಳೆ, ಮೆಷಿನ್ ತಂದೇ ಕೂಡಿಸಬೇಕು. ಆದ್ರೆ "ಕೆಂಪು ದೀಪ ಇದೆ, ನಮ್ಮ ಗೇಟಿನ ಹತ್ತಿರ ಸೋಗೆ ಬಿದ್ದಿದೆ" ಅಂತ ಹೇಳಿದ್ರೆ ಹುಡುಗ ಮೆಷಿನ್ ತಗೊಂಡೇ ಬರ್ತಾನೆ. "ನೆಟ್ ಇಲ್ಲ" ಅಂತಷ್ಟೇ ಹೇಳಿದ್ರೆ ಒಂದು ದಿನ ನೋಡೋಕೆ ಬರ್ತಾನೆ, ಇನ್ನೊಂದು ದಿನ ಮೆಷಿನ್ ತರ್ತಾನೆ. ಎರಡು ದಿನದ ವ್ಯತ್ಯಾಸ ಇರೋದು ನಾವು ಹೇಳೋ ಮಾತಿನಲ್ಲಿ.

ದೀಪಗಳೇ ಬಂದು ಹೋಗಿ ಮಾಡ್ತಿದ್ರೆ ಅಡಾಪ್ಟರ್ ಮೇಲೆ ಅನುಮಾನ ಪಡಿ. ಮಳೆಗಾಲದ ನಮ್ಮ ವೋಲ್ಟೇಜಿಗೆ ಆ ಸಣ್ಣ ಅಡಾಪ್ಟರ್ ಸೊರಗುತ್ತೆ. ವೈಫೈ ಹೆಸರು ಕಾಣುತ್ತೆ, ಮಾಯ ಆಗುತ್ತೆ, ಮತ್ತೆ ಕಾಣುತ್ತೆ. ನಮ್ಮ ಪಕ್ಕದ ಮನೆಯವರಿಗೆ ಪೇಟೆಯ ಒಂದು ಅಂಗಡಿಯಲ್ಲಿ ಫೋನ್ ಹಳೇದಾಯ್ತು ಅಂತ ಹೊಸ ಫೋನ್ ಕೊಡಿಸಿದ್ರು. ಹೊಸ ಫೋನಿಗೂ ಅದೇ ಗೋಳು. ಕೊನೆಗೆ ಅಡಾಪ್ಟರ್ ಬದಲಿಸಿದ ಮೇಲೆ ಎರಡೂ ಫೋನ್ ಸರಿ ಆದವು. ಡಬ್ಬದ ಮೇಲೆ ಬರೆದ ವೋಲ್ಟೇ ತರಬೇಕು, ಸಾಮಾನ್ಯ 12 ವೋಲ್ಟ್ ಇರುತ್ತೆ. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಕಮ್ಮಿ ಇರಬಾರದು.

ಇನ್ನೊಂದು ವಿಚಿತ್ರ ಇದೆ. ಕನೆಕ್ಟ್ ಆಗಿದೆ ಅಂತ ತೋರಿಸುತ್ತೆ, ಕೆಳಗೆ "ನೋ ಇಂಟರ್ನೆಟ್" ಅಂತ ಬರೆಯುತ್ತೆ, ಮನೆಯ ಉಳಿದ ಫೋನೆಲ್ಲ ಸರಿ. ಮೇಲಿನ ಕೇರಿಯ ಒಬ್ಬರ ಫೋನಲ್ಲಿ ಇದನ್ನು ಹುಡುಕೋಕೆ ನನಗೆ ಒಂದು ಸಂಜೆ ಹಿಡೀತು. ಅವರ ಮಗ ಜಾಹೀರಾತು ಬರಬಾರದು ಅಂತ ಸೆಟ್ಟಿಂಗ್ಸ್ ಒಳಗೆ ಪ್ರೈವೇಟ್ ಡಿಎನ್‌ಎಸ್ ಅನ್ನೋ ಜಾಗದಲ್ಲಿ ಯಾವುದೋ ವಿಳಾಸ ಹಾಕಿದ್ದ, ಒಂದು ಅಕ್ಷರ ತಪ್ಪಿತ್ತು. ಅದನ್ನು ಆಟೋಮ್ಯಾಟಿಕ್ ಮಾಡಿದ ಕೂಡಲೇ ಬಂತು. ದಿನಾಂಕ ತಪ್ಪಿದ್ರೂ ಹೀಗೆ ಆಡುತ್ತೆ, ಅದನ್ನೂ ಒಮ್ಮೆ ನೋಡಿ.

ಹಿಂದಿನ ಕೋಣೆಗೆ ಬರಲ್ಲ ಅನ್ನೋದು ಸೀಕಲ್ಲ, ಗೋಡೆ. ನಮ್ಮ ಹಳೇ ಮನೆಗಳ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ಒಂದೂವರೆ ಅಡಿ ದಪ್ಪ. ರೂಟರಿನಲ್ಲಿ ಎರಡು ಹೆಸರು ಕಂಡ್ರೆ, 5 ಗಿಗಾಹರ್ಟ್ಸ್‌ದು ವೇಗ ಆದ್ರೆ ಗೋಡೆ ದಾಟೋಕೆ ಸೋಲುತ್ತೆ. 2.4ರದ್ದು ನಿಧಾನ, ಆದ್ರೆ ದೂರ ಹೋಗುತ್ತೆ. ಕೊಟ್ಟಿಗೆತನಕ ಬೇಕು ಅಂದ್ರೆ 2.4ಕ್ಕೇ ಸೇರಿ. ಹಳೇ ಫೋನಿಗೆ ಎಷ್ಟೋ ಸಲ 5ರದ್ದು ಕಾಣೋದೇ ಇಲ್ಲ.

ಈಗ ಲೈನಿನವರ ಮಾತು. ಯೂಸರ್‌ನೇಮ್, ಪಾಸ್‌ವರ್ಡ್ ಗಿರಾಕಿಗೆ ಕೊಟ್ರೆ ಏನೇನೋ ಮಾಡಿ ಹಾಳು ಮಾಡ್ಕೊಳ್ತಾರೆ ಅಂತ ಅವರ ವಾದ. ಪಿನ್ ಚುಚ್ಚಿದ ನಾನು ಅದಕ್ಕೆ ಎದುರು ಮಾತಾಡೋದು ಕಷ್ಟವೇ. ಆದ್ರೂ ಹೇಳ್ತೀನಿ. ನಾನು ಚುಚ್ಚಿದ್ದು ಗೊತ್ತಿದ್ದು ಅಲ್ಲ, ಗೊತ್ತಿಲ್ಲದೆ. ತಿಂಗಳ ದುಡ್ಡು ನಾವು ಕೊಡ್ತೀವಿ. ಆ ಎರಡು ಸಾಲು ನನ್ನ ಹತ್ತಿರ ಇದ್ದಿದ್ರೆ, ಫೋನಲ್ಲಿ ಯಾರಾದ್ರೂ ಹತ್ತು ನಿಮಿಷ ಹೇಳಿಕೊಟ್ಟಿದ್ರೆ, ಗುರುವಾರ ಸಂಜೆಯೇ ಲೈನ್ ಬರ್ತಿತ್ತು, ಶನಿವಾರ ಔಷಧಿ ಆಗ್ತಿತ್ತು. ಹಳ್ಳಿಯವರಿಗೆ ಆಗಲ್ಲ ಅನ್ನೋ ಮಾತು ಪಂಪ್‌ಸೆಟ್ ಸ್ಟಾರ್ಟರ್ ಬಂದಾಗಲೂ ಕೇಳಿದ್ದೀವಿ. ಈಗ ಸ್ಟಾರ್ಟರ್ ಬಿಚ್ಚದ ರೈತ ಯಾವ ಊರಲ್ಲಿದ್ದಾನೆ?

ಈ ಸಲ ಆ ಹುಡುಗನ ಹತ್ತಿರ ಕೂತು ಬರೆಸಿಕೊಂಡೆ. ಮೊದಲು ಅನುಮಾನಿಸಿದ, ಕಾಫಿ ಕುಡಿದ ಮೇಲೆ ಕೊಟ್ಟ. ಔಷಧಿ ಲೆಕ್ಕದ ಪುಸ್ತಕದ ಹಿಂದಿನ ರಟ್ಟಿನಲ್ಲಿ ಇದೆ ಈಗ. ನಿಮ್ಮ ಮನೆಗೆ ಅವರು ಯಾವುದೇ ಕೆಲಸಕ್ಕೆ ಬಂದಾಗ ಕೇಳಿ ಬರೆಸಿಕೊಳ್ಳಿ, ಲೈನ್ ಸರಿ ಇರುವಾಗಲೇ ಕೇಳಿ. ಒಬ್ಬೊಬ್ಬರು ಕೇಳಿದ್ರೆ ಕೊಡಲ್ಲ, ಹತ್ತು ಮನೆಯವರು ಕೇಳಿದ್ರೆ ಕೊಡ್ತಾರೆ.

ಬರೆದದ್ದನ್ನ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ರೂಟರಿನ ತಳದ ಫೋಟೋನೂ ಬೇಡ, ಸ್ಟಿಕ್ಕರಿನಲ್ಲಿ ಪಾಸ್‌ವರ್ಡ್ ಇರುತ್ತೆ. ಹೋದ ವಾರ ಒಬ್ಬರು ಹಾಕಿದ್ರು, ಅವರಿಗೆ ಹೇಳಿ ತೆಗೆಸಿದ್ದೀನಿ. ಪಾಸ್‌ವರ್ಡ್ ಬದಲಿಸಿ ಅಂತಲೂ ಹೇಳಿದ್ದೀನಿ. ಬದಲಿಸಿದ ಮೇಲೆ ಮನೆಯವರಿಗೆಲ್ಲ ತಿಳಿಸಿ ಮಾರಾಯ್ರೇ, ತೋಟದಲ್ಲಿದ್ದವರಿಗೂ.